ತಾಮ್ರದ ಪದರದಲ್ಲಿ ಅಕ್ಕಡಿ ಸಾಲು

ಪ್ರಯೋಗಾಲಯದಲ್ಲಿ ನಾನು ಮಾಡುವ ಕೆಲಸವೇನು ಎಂದು ತೋವಿನಕೆರೆಯ ನನ್ನ ಸೋದರತ್ತೆ ಕೇಳಿದಾಗ ನಾವಿಬ್ಬರೂ ಅವರ ಹೊಲದ ಬದುವಿನ ಮೇಲೆ ಕೂತಿದ್ದೆವು. ಎದುರಿಗೆ ಕಡಲೆಕಾಯಿ ಬೆಳೆ, ಅದರ ನಡುವೆ ಅಷ್ಟಷ್ಟು ದೂರಕ್ಕೊಂದು ತೊಗರಿಯ ಅಕ್ಕಡಿ ಸಾಲು. ಉದಾಹರಣೆ ಕಣ್ಣೆದುರೇ ಇದೆಯಲ್ಲ ಎಂದು ಹುರುಪಿನಲ್ಲಿ ಶುರುಮಾಡಿದೆ.

ತಾಮ್ರ, ಆಮ್ಲಜನಕ ಸೇರಿದ ಒಂದು ಪದಾರ್ಥವಿದೆ, ಪದರ ಪದರವಾಗಿರುತ್ತದೆ. ಅದರಿಂದ ಒಂದಷ್ಟು ಎಲೆಕ್ಟ್ರಾನುಗಳನ್ನು ತೆಗೆದರೆ ಉಳಿಯುವ ಖಾಲಿ ಜಾಗಗಳು ಎಲ್ಲೆಂದರಲ್ಲಿ ಚದುರಿಕೊಂಡಿರುವುದಿಲ್ಲ. ಈ ತೊಗರಿಯ ಹಾಗೆ ಸಾಲು ಹಿಡಿಯುತ್ತವೆ.

"ಬಿತ್ತೋರು ಯಾರು?"

"ಯಾರೂ ಇಲ್ಲ ಅತ್ತೆ, ಅವೇ ನಿಂತ್ಕೊಳ್ತವೆ."

ಅತ್ತೆ ನಂಬಲಿಲ್ಲ, ಆದರೂ ಮುಂದೆ ಹೇಳು ಎಂದರು. ಆ ಪದಾರ್ಥವನ್ನು ವಿಪರೀತ ತಣ್ಣಗೆ ಮಾಡಿದರೆ ಅದರಲ್ಲಿ ಕರೆಂಟು ಯಾವ ತಡೆಯೂ ಇಲ್ಲದೆ ಹರಿಯುತ್ತದೆ, ಸಾಲುಗಳು ಅಲ್ಲಾಡದೆ ನಿಂತುಬಿಟ್ಟರೆ ಮಾತ್ರ ಆ ಹರಿವು ಕೆಡುತ್ತದೆ ಎಂದೆ. ಅದೊಂದು ಮಾತು ಆಡಬಾರದಿತ್ತು.

ಮುಂದಿನ ವಾರ ಅತ್ತೆಯ ಫೋನು ಬಂತು. "ಕರೆಂಟಿಲ್ದೆ ಮೋಟ್ರು ನಿಂತೋಗೈತೆ ಕಣಮ್ಮ. ನಿನ್ ಸಾಲು ಅಲ್ಲಾಡ್ದಂಗೆ ನಿಂತ್ಬುಟ್ಟವೇನೋ, ವಸಿ ನೋಡು."

ಈಗ ಅಕ್ಕಪಕ್ಕದ ಹೊಲದವರೂ ಕರೆಂಟು ಹೋದಾಗಲೆಲ್ಲ ನನಗೇ ಫೋನು ಮಾಡುತ್ತಾರೆ. ಕೊನೆಗೆ ತಲೆಕೆಟ್ಟು, ಕಂಬದ ತಂತಿ ಅಲ್ಯೂಮಿನಿಯಮ್ಮಿನದು, ಅದಕ್ಕೂ ನನ್ನ ಸಾಲಿಗೂ ಸಂಬಂಧವೇ ಇಲ್ಲ, ಲೈನ್‌ಮನ್‌ಗೆ ಹೇಳಿ ಎಂದು ಅತ್ತೆಯ ಮೇಲೆ ರೇಗಿದೆ.

"ಅಷ್ಟೂ ಗೊತ್ತಿಲ್ವಾ ನಂಗೆ?" ಎಂದರು ಅತ್ತೆ. "ಅವನು ಫೋನ್ ಎತ್ತಲ್ಲ ಕಣಮ್ಮ. ನೀನಾದ್ರೆ ಎತ್ತೀಯ."