ಬೀರುವಿನ ಬೆನ್ನ ಹಿಂದೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಬೀರು ಎಂದೇ ಕರೆಯುತ್ತಿದ್ದರು. ಬಾಗಿಲಿಗೆ ಅಡ್ಡ ನಿಂತರೆ ಒಳಗಿನವರು ದೀಪ ಹಾಕಿಕೊಳ್ಳಬೇಕು ಎಂಬುದು ಅಲ್ಲಿನ ಹಳೇ ತಮಾಷೆ. ಅವಳೇನೂ ಮುಖ ಊದಿಸಿಕೊಳ್ಳುತ್ತಿರಲಿಲ್ಲ. "ಬೀರು ಅಂದ್ರೆ ಮನೇಲಿ ಬೆಲೆಬಾಳೋದನ್ನ ಇಡೋ ಜಾಗ ಕಣ್ರೇ" ಎಂದು ತಿರುಗಿಸಿ ಕೊಡುತ್ತಿದ್ದಳು. ಇಪ್ಪತ್ತೆರಡು ವರ್ಷ ಒದ್ದೆ ಬಟ್ಟೆಯ ಗಾಡಿ ತಳ್ಳಿ ಗಟ್ಟಿಯಾದ ಮೈ. ಮನೆಯಿಂದ ಕೆಲಸಕ್ಕೆ ದಿನವೂ ಸೈಕಲ್ಲು.

ವರ್ಷಕ್ಕೊಮ್ಮೆ ಆಸ್ಪತ್ರೆಯ ವಿಭಾಗಗಳ ನಡುವೆ ಸೈಕಲ್ ಪಂದ್ಯ. ತಂಡಕ್ಕೆ ನಾಲ್ವರು, ಕಾಲುವೆ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ ಹತ್ತು ಬರಬೇಕು. ಒಂದೊಂದೇ ತಂಡವನ್ನು ಬಿಡುತ್ತಾರೆ, ಪೈಪೋಟಿಯೆಲ್ಲ ಗಡಿಯಾರದ ಜೊತೆ. ನಾಲ್ಕನೆಯವರ ಚಕ್ರ ಗೆರೆ ದಾಟಿದಾಗಲೇ ಗಡಿಯಾರ ನಿಲ್ಲುವುದು. ಮೂವರು ಹಾರಿಬಂದು ಏನೂ ಪ್ರಯೋಜನವಿಲ್ಲ.

ಈ ಸಲ ಬೀರು, ಅವಳ ನಾದಿನಿ, ಇಸ್ತ್ರಿ ಯಂತ್ರದ ಅಕ್ಕ, ಹರಿದದ್ದು ಹೊಲಿಯುವ ದರ್ಜಿ ಹೆಸರು ಕೊಟ್ಟರು. ಮೊದಮೊದಲು ಅಭ್ಯಾಸವೆಂದರೆ ರಂಪ. ಮುಂದೆ ಹೋಗುವ ಸರದಿ ಬಂದ ಕೂಡಲೇ ಪ್ರತಿಯೊಬ್ಬಳೂ ದೆವ್ವ ಹೊಕ್ಕವಳಂತೆ ತುಳಿದು, ಹಿಂದಿನವರನ್ನು ಬಿಟ್ಟೇ ಹೋಗುವಳು. ಮೂರನೇ ದಿನ ಬೀರು ಬ್ರೇಕ್ ಹಾಕಿ ನಿಂತಳು.

"ಹೊದಿಕೆ ಮಡಚುವಾಗ ಒಂದು ತುದಿ ನನ್ನ ಕೈಲಿ, ಒಂದು ನಿಮ್ಮ ಕೈಲಿ. ಒಬ್ಬಳು ಜೋರಾಗಿ ಎಳೆದ್ರೆ ಬಟ್ಟೆ ನೆಲಕ್ಕೆ ಬೀಳತ್ತೆ. ರಸ್ತೆಗೆ ಬಂದ ಕೂಡ್ಲೇ ಆ ಬುದ್ಧಿ ಎಲ್ಲಿ ಹೋಯ್ತು?"

ಅಂದಿನಿಂದ ಸಾಲು ಕೆಡಲಿಲ್ಲ. ಬೀರು ಮುಂದಿದ್ದರೆ ಹಿಂದಿನವರಿಗೆ ಗಾಳಿಯೇ ತಾಗುವುದಿಲ್ಲ ಎಂಬುದೂ ಗೊತ್ತಾಯಿತು. ನಾಲ್ಕು ಸೈಕಲ್ಲುಗಳ ಸರಪಳಿ ಒಂದೇ ಸದ್ದು ಮಾಡತೊಡಗಿದಾಗ ಬೀರುವಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಇಷ್ಟು ಖುಷಿ ಈ ವಯಸ್ಸಿನಲ್ಲಿ ಎಲ್ಲಿತ್ತೋ!

ವಿಭಾಗದ ಮೇಲ್ವಿಚಾರಕನಿಗೆ ಮಾತ್ರ ಬೀರು ತಂಡದಲ್ಲಿರುವುದು ಹಿಡಿಸಲಿಲ್ಲ. "ನಿಮ್ಮನ್ನ ಎಳ್ಕೊಂಡು ಬರೋದ್ರಲ್ಲೇ ಇವರ ಉಸಿರು ಹೋಗತ್ತೆ. ನಮ್ಮ ದಾಖಲೆ ಕೋಣೆ ಹುಡುಗಿ ತೆಳ್ಳಗಿದಾಳೆ, ಅವಳು ಹೋಗ್ಲಿ" ಎಂದು ಬೀರುವಿಗೆ ಹೇಳಿ, ಆ ಹುಡುಗಿಯ ಅಳತೆಗೇ ತಂಡದ ನಾಲ್ಕನೇ ಅಂಗಿ ತರಿಸಿದ. ಇಷ್ಟು ವರ್ಷ ನಗುತ್ತಾ ಕೇಳಿಸಿಕೊಂಡಿದ್ದೆಲ್ಲ ಬೀರುವಿಗೆ ಅವತ್ತು ಒಟ್ಟಿಗೆ ಚುಚ್ಚಿತು. ಅಂಗಿಯನ್ನು ಒಯ್ದು ದರ್ಜಿಯ ಮುಂದೆ ಹಾಕಿದಳು.

"ಬದಿಯಲ್ಲಿ ಬಿಚ್ಚಿ ಬಟ್ಟೆ ಸೇರಿಸ್ತೀನಿ. ಯಾರಿಗೂ ಕಾಣಲ್ಲ" ಎಂದಳು ದರ್ಜಿ.

"ಬೆನ್ನಿನ ಮಧ್ಯಕ್ಕೇ ಹಾಕು. ಕಾಣ್ಲಿ."

ಹರಿದು ಮೂಲೆ ಸೇರಿದ್ದ ಹಸಿರು ಹೊದಿಕೆಯಿಂದ ಗೇಣಗಲದ ಪಟ್ಟಿ ಬಿಳಿ ಅಂಗಿಯ ನಡುಬೆನ್ನಿಗೆ ಬಂದು ಕೂತಿತು.

ಪಂದ್ಯದ ಬೆಳಿಗ್ಗೆ ಮೇಲ್ವಿಚಾರಕ ಹೆಸರುಗಳ ಪಟ್ಟಿ ಹಿಡಿದು ದಾಖಲೆ ಕೋಣೆಯ ಹುಡುಗಿಯನ್ನು ಕರೆದ. ಉಳಿದ ಮೂವರೂ ಸೈಕಲ್ಲಿನಿಂದ ಇಳಿದುಬಿಟ್ಟರು. "ಅತ್ತಿಗೆ ಇಲ್ಲ ಅಂದ್ರೆ ನಾವೂ ಇಲ್ಲ" ಎಂದಳು ನಾದಿನಿ.

"ನನ್ನನ್ನ ಯಾರೂ ಕೇಳೇ ಇಲ್ಲ ಸಾರ್. ನಂಗೆ ಸೈಕಲ್ಲೇ ಬರಲ್ಲ" ಎಂದಳು ಆ ಹುಡುಗಿ.

ಸುತ್ತಲಿನವರು ನಕ್ಕರು. ಮೇಲ್ವಿಚಾರಕನ ಮುಖ ಕೆಂಪಾಯಿತು. "ಹೋಗಿ. ಹೋದ ವರ್ಷ ನಮ್ಮ ತಂಡಕ್ಕೆ ಐವತ್ತು ನಿಮಿಷ ಹಿಡಿದಿತ್ತು. ಅದಕ್ಕಿಂತ ಒಂದು ಸೆಕೆಂಡ್ ಹೆಚ್ಚಾದ್ರೂ ಇನ್ಮೇಲೆ ನಿಮ್ಮ ಹೆಸರು ತಂಡದಲ್ಲಿರಲ್ಲ" ಎಂದ ಬೀರುವಿಗೆ.

ಹೋಗುವಾಗ ಗಾಳಿ ಬೆನ್ನಿಗಿತ್ತು. ತಿರುಗಿದ ಕೂಡಲೇ ಮುಖಕ್ಕೆ ರಪ್ಪನೆ ಬಡಿಯಿತು. ಬೀರು ಯಾರನ್ನೂ ಕೇಳದೆ ಮುಂದೆ ಬಂದು ತಲೆ ತಗ್ಗಿಸಿದಳು. ಉಳಿದವರು ನಡುವೆ ಒಂದಿಷ್ಟು ಹೊತ್ತು ಮುಂದೆ ಬಂದರೂ ಗಾಳಿ ಅವರನ್ನು ಹಣ್ಣು ಮಾಡುವ ಮೊದಲೇ ಅವಳು ಮತ್ತೆ ಮುಂದೆ. 'ಬಾ, ಎಷ್ಟು ಬೀಸ್ತೀಯೋ ಬೀಸು' ಎಂದು ಹಲ್ಲು ಕಚ್ಚಿ ತುಳಿದಳು.

ಕೊನೆಯ ಕಿಲೋಮೀಟರಿನಲ್ಲಿ ಸೇತುವೆಯ ಏರು. ಅಲ್ಲಿ ಅವಳ ತೊಡೆಗಳು ಕೈಕೊಟ್ಟವು. ಒಬ್ಬೊಬ್ಬರಾಗಿ ಮೂವರೂ ಅವಳನ್ನು ದಾಟಿದರು.

"ಹೋಗ್ರೇ, ನೀವು ಹೋಗಿ!" ಎಂದು ಕೂಗಿದಳು.

ನಾದಿನಿ ತಿರುಗಿ ನೋಡಿದಳು. "ಹೋಗಿ ಏನ್ ಮಾಡೋಣ? ನೀವು ಬರೋವರ್ಗೂ ಗಡಿಯಾರ ನಿಲ್ಲಲ್ಲ. ಬನ್ನಿ ಅತ್ತಿಗೆ, ಈಗ ನೀವು ನಮ್ಮ ಹಿಂದೆ!"

ಮೂವರೂ ವೇಗ ತಗ್ಗಿಸಿ, ಒತ್ತೊತ್ತಾಗಿ ಅವಳ ಮುಂದೆ ಬಂದರು. ಮೂರು ಬೆನ್ನು ಸೇರಿದರೂ ಅವಳ ಒಂದು ಬೆನ್ನಿನಷ್ಟು ಆಗಲಿಲ್ಲ. ಆದರೂ ಸಾಕಾಯಿತು. ಏರು ಮುಗಿಯಿತು, ಗೆರೆಯೂ ಬಂತು.

ನಲವತ್ತಾರು ನಿಮಿಷ. ಒಂಬತ್ತು ತಂಡಗಳಲ್ಲಿ ಐದನೆಯದು.

"ಆ ಏರಲ್ಲಿ ನೀವು ಹಿಂದೆ ಬೀಳದೇ ಇದ್ದಿದ್ರೆ ಮೂರನೇ ಸ್ಥಾನ ಬರ್ತಿತ್ತು" ಎಂದ ಮೇಲ್ವಿಚಾರಕ. "ಒಳ್ಳೇ ಅಂಗಿ ಬೇರೆ ಹಾಳು ಮಾಡಿದೀರಿ."

ಬೀರುವಿಗೆ ಇನ್ನೂ ಏದುಸಿರು. ಹ್ಯಾಂಡಲ್ ಹಿಡಿದುಕೊಂಡೇ ಅವನಿಗೆ ಬೆನ್ನು ಮಾಡಿ ನಿಂತಳು.

"ಸರಿಯಾಗಿ ನೋಡ್ಕೊಳ್ಳಿ ಸಾರ್. ಆ ಗಾಳೀಲಿ ಇವರು ನೋಡ್ಕೊಂಡು ಬಂದಿದ್ದು ಇದನ್ನೇ. ಮುಂದಿನ ವರ್ಷದ ಅಂಗಿಗೆ ಅಳತೆ ಬರ್ಕೊಳ್ಳಿ."

ದರ್ಜಿ ಜೇಬಿನಿಂದ ಟೇಪು ತೆಗೆದು ಆ ಬೆನ್ನಿಗೆ ಅಡ್ಡಲಾಗಿ ಹಿಡಿದಳು. ಎಷ್ಟು ಇಂಚೆಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು. ಮೇಲ್ವಿಚಾರಕ ಬರೆದುಕೊಂಡ.