ರಮಾಮಣಿಯ ಅಮೃತಬಳ್ಳಿ ಮತ್ತು ಒಂದು ಏಕಾದಶಿ

ರಮಾಮಣಿ ಹೋಗಿ ಒಂದು ತಿಂಗಳಾಯಿತು. ಶಿವಾಜಿನಗರದ ವಿಮಾ ಕಚೇರಿಯಲ್ಲಿ ನಾವಿಬ್ಬರೂ ಎದುರುಬದುರು ಕೂತು ಬಹಳ ವರ್ಷ ಕೆಲಸ ಮಾಡಿದೆವು. ಅವಳ ಬಗ್ಗೆ ಬರೆಯುವುದಾದರೆ ಅಮೃತಬಳ್ಳಿಯಿಂದಲೇ ಶುರುಮಾಡಬೇಕು. ಬೇರೆಲ್ಲಿಂದ ಶುರುಮಾಡಿದರೂ ಅವಳಿಗೆ ಸಿಟ್ಟು ಬರುತ್ತಿತ್ತು.

ತೊಂಬತ್ತರ ದಶಕದ ಮೊದಲಲ್ಲಿ ಅವಳೂ ಗಂಡ ಹಯಗ್ರೀವರೂ ಹೊರಮಾವಿನಲ್ಲಿ ಮನೆ ಕಟ್ಟಿದರು. ಹಿತ್ತಲಲ್ಲಿ ಒಂದು ಬೇವಿನ ಮರವಿತ್ತು. ಬೇವಿನ ಮೇಲೆ ಹಬ್ಬಿದ ಅಮೃತಬಳ್ಳಿಗೆ ಗುಣ ಹೆಚ್ಚು ಎಂದು ಅವಳ ಅಜ್ಜಿ ಹೇಳಿದ್ದರಂತೆ. ನೆಟ್ಟಳು. ಮನೆಗೆ ಸುಣ್ಣ ಆಗುವ ಹೊತ್ತಿಗೆ ಬಳ್ಳಿ ಮರದ ತುದಿ ಮುಟ್ಟಿತ್ತು.

ಜ್ವರಕ್ಕೆ, ಕೀಲುನೋವಿಗೆ, ಸಕ್ಕರೆ ಕಾಯಿಲೆಗೆ ಅವಳಲ್ಲಿ ಅದೊಂದೇ ಔಷಧಿ. ಕಚೇರಿಯಲ್ಲಿ ಯಾರಾದರೂ ಸೀನಿದರೆ ಡ್ರಾಯರ್ ತೆಗೆದು ಪೇಪರಲ್ಲಿ ಸುತ್ತಿದ ಕಡ್ಡಿ ಕೊಡುತ್ತಿದ್ದಳು. ಸೀನುವವರು ಕಾರಿಡಾರಿಗೆ ಹೋಗಿ ಸೀನಲು ಕಲಿತರು. ಒಮ್ಮೆ ಪಕ್ಕದ ಬೀದಿಯ ಅಮೃತಮ್ಮ ಅದನ್ನು ಮನಿ ಪ್ಲಾಂಟ್ ಎಂದುಕೊಂಡು ಒಂದು ತುಂಡು ಕದ್ದರು. ಕದ್ದು ನೆಟ್ಟರೆ ಮಾತ್ರ ದುಡ್ಡು ಬರುತ್ತದೆಂಬ ನಂಬಿಕೆ. ರಮಾಮಣಿ ಅವರ ಮನೆಗೆ ಹೋಗಿ, ಟಿವಿ ಮೇಲಿನ ಸೀಸೆಯಲ್ಲಿ ಬಳ್ಳಿಯನ್ನು ಕಂಡು, ಕಷಾಯ ಕುದಿಸುವ ಕ್ರಮ ಹೇಳಿ ಬಂದಳು.

ಬಳ್ಳಿ ಕೇಳಿಕೊಂಡು ಗೇಟಿಗೆ ಬರುತ್ತಿದ್ದ ಊರವರೆಲ್ಲ ಹೊಗಳಿದರೂ ಅವಳಿಗೆ ಬೇಕಾಗಿದ್ದು ಒಬ್ಬರ ಮಾತು. ಹಯಗ್ರೀವರು ಟೆಲಿಫೋನ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದವರು. ಅವರಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಕಷಾಯ ಕುಡಿದು ಲೋಟ ಕೆಳಗಿಡುತ್ತಾ, “ಕೆಲಸ ಮಾಡತ್ತೆ ಅನ್ನೋಕೆ ಏನು ಪುರಾವೆ, ರಮಾ?” ಎನ್ನುತ್ತಿದ್ದರು. ಕುಡಿಯುವುದನ್ನೂ ಬಿಡಲಿಲ್ಲ, ಕೇಳುವುದನ್ನೂ ಬಿಡಲಿಲ್ಲ.

ನಾನು ಅಲ್ಲಿ ಇಲ್ಲಿ ಓದಿ, ಅದರಲ್ಲಿ ಬರ್ಬರಿನ್, ಪಾಲ್ಮಟಿನ್ ಎಂಬ ಆಲ್ಕಲಾಯ್ಡ್‌ಗಳಿವೆ, ಇಲಿಗಳಲ್ಲಿ ಸಕ್ಕರೆ ಇಳಿದಿದೆ ಎಂದು ಹೇಳಿದೆ.

“ನಾನೇನು ಇಲೀನಾ?” ಎಂದರು ಹಯಗ್ರೀವರು.

“ಇಲಿ ಆಗಿದ್ರೆ ಇಷ್ಟೊತ್ತಿಗೆ ಒಪ್ಕೊಂಡಿರ್ತಿದ್ರಿ,” ಎಂದಳು ರಮಾಮಣಿ.

2003ರ ಒಂದು ಏಕಾದಶಿಯ ದಿನ ಪುರಾವೆ ಸಿಕ್ಕಿತು. ಅವರ ಮನೆಯಲ್ಲಿ ಏಕಾದಶಿ ಎಂದರೆ ಪೂರ್ತಿ ಉಪವಾಸ, ಔಷಧಿಗೆ ಮಾತ್ರ ದೋಷವಿಲ್ಲ. ಹಾಗಾಗಿ ಹಯಗ್ರೀವರು ಶಾಸ್ತ್ರಕ್ಕೆ ತಪ್ಪದೆ ಊಟ ಬಿಟ್ಟರು, ಡಾಕ್ಟರಿಗೆ ತಪ್ಪದೆ ಸಕ್ಕರೆಯ ಮಾತ್ರೆ ನುಂಗಿದರು, ಹೆಂಡತಿಗೆ ತಪ್ಪದೆ ಕಷಾಯ ಕುಡಿದರು. ಆ ಮಾತ್ರೆಯ ಪ್ರಮಾಣವನ್ನು ಡಾಕ್ಟರು ಹೊಸದಾಗಿ ಹೆಚ್ಚಿಸಿದ್ದರು. ಮಧ್ಯಾಹ್ನ ದೇವರ ಮನೆಯ ಬಾಗಿಲಲ್ಲಿ ಬೆವರಿ, ತೊದಲಿ, ಬಿದ್ದರು. ಅವಳು ಫೋನ್ ಮಾಡಿದಳು, ಹತ್ತಿರದಲ್ಲೇ ಇದ್ದ ನಾನು ಓಡಿದೆ. ಆಟೋದಲ್ಲಿ ಕೆ.ಆರ್. ಪುರದ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವರ ತಲೆ ಅವಳ ತೊಡೆಯ ಮೇಲಿತ್ತು.

ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು. ಚಿಕ್ಕ ವಯಸ್ಸಿನ ಡಾಕ್ಟರ್ ಬೈದರು: “ಹೊಟ್ಟೆ ಖಾಲಿ ಇಟ್ಕೊಂಡು ಮಾತ್ರೆ ತಗೊಂಡಿದಾರೆ, ಅದೇ ಮುಖ್ಯ ಕಾರಣ. ಅದರ ಮೇಲೆ ಅಮೃತಬಳ್ಳಿ ಬೇರೆ. ಅದೂ ಸಕ್ಕರೆ ಇಳಿಸ್ಬಹುದು ಕಣಮ್ಮ, ಇನ್ಮೇಲೆ ಕೊಡ್ಬೇಡಿ.”

ಅವಳು ಕಾರಿಡಾರಿಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು. “ಕೇಳಿಸ್ಕೊಂಡ್ಯೇನೇ? ಸಕ್ಕರೆ ಇಳಿಸತ್ತಂತೆ. ಡಾಕ್ಟ್ರೇ ಹೇಳಿದ್ರು.” ಆಮೇಲೆ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಅತ್ತಳು.

ಅಂದಿನಿಂದ ಗಂಡನಿಗೆ ಕಷಾಯ ಕೊಡಲಿಲ್ಲ. ಗೇಟಿಗೆ ಬಂದವರನ್ನೂ ಮೊದಲು ಯಾವ ಮಾತ್ರೆ ತಗೋತೀರಿ ಎಂದು ವಿಚಾರಿಸತೊಡಗಿದಳು. ಪ್ರಶ್ನೆ ಕೇಳದ ಔಷಧಿ ಬೇಕೆಂದೇ ಬರುತ್ತಿದ್ದವರು ಬರುವುದು ಬಿಟ್ಟರು. ಹಯಗ್ರೀವರು ಬೆಳಿಗ್ಗೆ ಬರೀ ಬಿಸಿನೀರು ಕುಡಿದರು. ಪುರಾವೆ ಕೇಳಲಿಲ್ಲ. ಒಪ್ಪಿಕೊಂಡೆ ಎಂದೂ ಅನ್ನಲಿಲ್ಲ. ಅವಳು ಕಾದಳು.

ಕಳೆದ ತಿಂಗಳು ಬೈಯಪ್ಪನಹಳ್ಳಿ ಹತ್ತಿರ ಬಸ್ಸಿನಲ್ಲಿ ಕೂತಿದ್ದಾಗಲೇ ಅವಳಿಗೆ ಹೃದಯಾಘಾತವಾಯಿತು.

ವೈಕುಂಠ ಸಮಾರಾಧನೆಯ ಊಟದಲ್ಲಿ ಅವಳ ಸೋದರಳಿಯ ಭಾರ್ಗವ್ ಸಾರು ಕಲೆಸುತ್ತಾ, “ಊರಿಗೆಲ್ಲ ಅಮೃತಬಳ್ಳಿ ಹಂಚಿದ್ರು ಅತ್ತೆ. ಏನು ಪ್ರಯೋಜನ ಆಯ್ತು?” ಎಂದ.

ಹಯಗ್ರೀವರು ಎಲೆಯಿಂದ ತಲೆ ಎತ್ತಿದರು. ಕಾರ್ಖಾನೆಯಲ್ಲಿ ಮಾಲು ಪಾಸು ಮಾಡುವಾಗ ಅವರ ದನಿ ಹೀಗೇ ಇತ್ತೇನೋ.

“ಹೃದಯಕ್ಕೆ ಅಂತ ಅವಳು ಯಾವತ್ತೂ ಹೇಳಿಲ್ಲ, ಭಾರ್ಗವ್. ಸಕ್ಕರೆಗೆ ಅಂದಿದ್ಲು. ಇಳೀತು.”