ಮೂರು ಗೀಟಿನ ಗುಂಡು

ಮೂಡಿಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನಿಗೆ ಯಾರನ್ನೂ ನಂಬುವ ಅಭ್ಯಾಸ ಉಳಿಯುವುದಿಲ್ಲ. ಎಸ್ಟೇಟಿನಿಂದ ರಿಪೇರಿಗೆ ಹೊರಟ ಮೋಟಾರಿನ ತಾಮ್ರದ ತಂತಿ ದಾರಿಯಲ್ಲೇ ಮಾಯವಾಗಿರುತ್ತದೆ. ಕೇಳಿದರೆ ಲೆಕ್ಕ ಬರೆಯುವ ರೈಟರ್ ಮೇಸ್ತ್ರಿಯನ್ನು ತೋರಿಸುತ್ತಾನೆ, ಮೇಸ್ತ್ರಿ ಜೀಪಿನ ಡ್ರೈವರನ್ನು. ಹಾಗಾಗಿ ನಾನು ಹಾಕುವ ಪ್ರತಿ ಭಾಗಕ್ಕೂ ಗುರುತಿಗೆ ಮೂರು ಗೀಟು ಎಳೆಯುತ್ತೇನೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಹೆಂಡತಿ ಹಂಗಿಸುತ್ತಾಳೆ. ಹಂಗಿಸಲಿ.

ಪ್ಲಾಂಟರುಗಳ ಕ್ಲಬ್ಬಿನಲ್ಲಿ ಒಂದು ಹಳೆಯ ಪಿನ್‌ಬಾಲ್ ಯಂತ್ರವಿದೆ. ಗಾಜಿನಡಿ ಇಳಿಜಾರಾದ ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಗುಂಡು, ಬಟನ್ ಒತ್ತಿದರೆ ಗುಂಡನ್ನು ಮೇಲಕ್ಕೆ ಹೊಡೆಯುವ ಎರಡು ರೆಕ್ಕೆ. ಕೆಟ್ಟು ನಿಂತಿದ್ದ ಅದರ ರಿಪೇರಿಗೆ ಕ್ಲಬ್ಬಿನವರು ನನ್ನನ್ನು ಕರೆಸಿದರು. ಅದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ. ಸುಟ್ಟ ಕಾಯಿಲನ್ನು ಪಂಪಿನ ತಂತಿಯಲ್ಲಿ ಹೊಸದಾಗಿ ಸುತ್ತಿದೆ. ರೆಕ್ಕೆಗಳಿಗೆ ಸ್ಕೂಟರಿನ ಟ್ಯೂಬ್ ಕತ್ತರಿಸಿ ಬಳೆಯ ಹಾಗೆ ತೊಡಿಸಿದೆ. ಕಳೆದುಹೋಗಿದ್ದ ಗುಂಡು ಮಾತ್ರ ಸತಾಯಿಸಿತು. ತಂದದ್ದರಲ್ಲಿ ಒಂದು ಸಂದಿಯಲ್ಲಿ ಸಿಕ್ಕಿಕೊಂಡಿತು, ಇನ್ನೊಂದು ಹಗುರಾಗಿ ಗಾಜಿಗೇ ಹಾರಿತು. ಕೊನೆಗೆ ಚಿಕ್ಕಮಗಳೂರಿನ ಗುಜರಿಯಲ್ಲಿ ದೊಡ್ಡ ಬೇರಿಂಗ್ ಒಡೆಸಿ ತಂದ ಗುಂಡು ಸರಿಹೋಯಿತು. ಅದರ ಹೊಳಪು ನೋಡಿದರೆ ಯಾರಿಗಾದರೂ ಆಸೆಯಾಗಬೇಕು. ಅರದಿಂದ ಉಜ್ಜಿದರೂ ಗೀರು ಬೀಳಲಿಲ್ಲ, ಅಷ್ಟು ಗಟ್ಟಿ. ಅಂಗಡಿಯಲ್ಲೇ ಗ್ರೈಂಡರಿನ ಕಲ್ಲಿಗೆ ತಾಗಿಸಿ ಮೂರು ಗೀಟು ಹಾಕಿಕೊಂಡು ಹೋದೆ.

ಯಂತ್ರವಿದ್ದ ಕೋಣೆಯ ಬೀಗದಕೈ ಇದ್ದದ್ದು ಮಾರ್ಕರ್ ಹತ್ತಿರ. ಬಿಲಿಯರ್ಡ್ಸ್ ಮೇಜು ನೋಡಿಕೊಳ್ಳುವವರು, ಸಂಸೆ ಕಡೆಯವರು, ನನಗಿಂತ ಹಿರಿಯರು. ಗುಂಡನ್ನು ಯಂತ್ರಕ್ಕೆ ಹಾಕುವ ಮೊದಲು ಅಂಗೈಯಲ್ಲಿಟ್ಟು ಎರಡು ಸಲ ತೂಗಿ ನೋಡಿದ್ದರು. ಆಗಲೇ ನನ್ನ ತಲೆಗೆ ಅನುಮಾನದ ಹುಳ ಹೊಕ್ಕಿತ್ತು.

ಆರಿದ್ರಾ ಮಳೆ ಹಿಡಿದಾಗ ಕಾಯಿಲ್ ತಂಡಿ ಹಿಡಿದಿದೆಯೋ ಏನೋ ಎಂದು ನೋಡಲು ಹೋದೆ. ಮಾರ್ಕರ್ ಮೂರು ದಿನದ ರಜೆಯಲ್ಲಿದ್ದರು. ಕ್ಲಬ್ಬಿನ ಸೆಕ್ರೆಟರಿಯೇ ಬಾಗಿಲು ತೆಗೆದರು. ಗಾಜು ಎತ್ತಿದರೆ ಗುಂಡಿಲ್ಲ.

"ಕೀ ಯಾರ ಹತ್ರ ಇರುತ್ತೆ ಸಾರ್?" ಎಂದೆ. ಉತ್ತರ ಗೊತ್ತಿದ್ದೇ ಕೇಳಿದ ಪ್ರಶ್ನೆ. ಅವರು ನನ್ನ ಮುಖ ನೋಡಿದರು. ನಾನು ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ ಇದೆ ಎಂದೂ ಸೇರಿಸಿದೆ.

ವಾರದೊಳಗೆ ಮಾರ್ಕರ್ ನನ್ನ ಅಂಗಡಿಗೆ ಬಂದರು. ಕೊಡೆ ಮಡಚಿ, ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟರು. ಮುಚ್ಚಳ ತೆಗೆದರೆ ಅಕ್ಕಿ. ಬೆರಳಾಡಿಸಿ ಒಳಗಿಂದ ಗುಂಡನ್ನು ತೆಗೆದರು.

"ತುಕ್ಕು ಹತ್ತಿತ್ತು. ಕೊಬ್ರಿ ಎಣ್ಣೆ ಸವರಿ ಅಕ್ಕಿಲಿ ಹುಗಿದಿಟ್ಟಿದ್ದೆ. ಮಳೆಗಾಲದಲ್ಲಿ ಬಿಲಿಯರ್ಡ್ಸ್ ಚಾಕ್‌ನೂ ನಾನು ಹೀಗೇ ಇಡೋದು. ರಜೆ ಮುಗಿಸಿ ಬಂದ್ರೆ ಸೆಕ್ರೆಟರಿಯವ್ರು ಕೀ ಇಸ್ಕೊಂಡ್ರು. ಯಾಕೆ ಅಂತ ಹೇಳ್ಲಿಲ್ಲ, ಕೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಇನ್ನು ಇದನ್ನ ನೋಡೋರು ಯಾರು? ನಿಮ್ಮತ್ರನೇ ಇರ್ಲಿ ಅಂತ ತಂದೆ."

ಗುಂಡನ್ನು ಬೆಳಕಿಗೆ ಹಿಡಿದು ತೋರಿಸಿದರು. "ಇಲ್ಲಿ ನೋಡಿ, ಯಾರೋ ಮೂರು ಕಡೆ ಗೀರಿದ್ದಾರೆ. ಅಲ್ಲಿಂದ್ಲೇ ಹತ್ತಿದ್ದು. ಬೇರೆಲ್ಲ ಕನ್ನಡಿ ಹಾಗಿದೆ."

ಹೊಳಪು ಕಿತ್ತ ಉಕ್ಕಿಗೆ ಈ ಸೀಮೆಯ ಮಳೆಗಾಲದಲ್ಲಿ ಏನಾಗುತ್ತದೆ ಎಂದು ತಿಳಿಯದವನೇ ನಾನು? "ಹೌದಾ" ಎಂದೆ, ಅಷ್ಟೇ.

ಮರುದಿನ ಸೆಕ್ರೆಟರಿಗೆ ಎಲ್ಲ ಹೇಳಿದೆ. ಅವರು ನಕ್ಕರು. ಬೀಗದಕೈ ಆಗಲೇ ಬಾರಿನ ಹುಡುಗನಿಗೆ ಹೋಗಿತ್ತು, ಅದನ್ನು ಮತ್ತೆ ಕೇಳಿ ಪಡೆಯುವುದು ಚೆನ್ನಾಗಿರುವುದಿಲ್ಲವಂತೆ. ದೂರಿದವನು ನಾನು ಎಂದು ಮಾರ್ಕರಿಗೆ ಮಾತ್ರ ಇಂದಿಗೂ ಹೇಳಿಲ್ಲ. ಅದು ಹೇಡಿತನ, ನನಗೆ ಗೊತ್ತು.

ಈ ವರ್ಷವೂ ಮಳೆಗೆ ಮುಂಚೆ ಗುಂಡು ತರಲು ಹೋಗಿದ್ದೆ. ಮಳೆಗಾಲದಲ್ಲಿ ಅಕ್ಕಿಯಲ್ಲಿ ಹುಗಿದಿಟ್ಟು, ಮಳೆ ಮುಗಿದ ಮೇಲೆ ಯಂತ್ರಕ್ಕೆ ಮರಳಿಸುವ ಕೆಲಸ ಈಗ ನನ್ನದು. ಹೊರಡುವಾಗ ಬೀಗದಕೈ ಹಿಡಿದಿದ್ದ ಬಾರಿನ ಹುಡುಗ ನನ್ನ ಜೋತುಬಿದ್ದ ಜೇಬನ್ನೇ ನೋಡಿದ. "ಅದೇನ್ ಸಾರ್, ಜೇಬಲ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಬಿಲಿಯರ್ಡ್ಸ್ ಮೇಜು ಒರೆಸುತ್ತಿದ್ದ ಮಾರ್ಕರ್ ತಲೆಯೆತ್ತಿದರು.

"ಅವ್ರನ್ನೆಲ್ಲ ಹಾಗೆ ಕೇಳ್ಬಾರ್ದು ಮಾರಾಯ," ಎಂದರು. "ಅವ್ರಿಗೆ ನಾನು ಗ್ಯಾರಂಟಿ."